ಹನ್ನೆರಡನೇ ಇಯತ್ತೆ, ರಸಾಯನ

ಫೆಬ್ರುವರಿ ಬಂತೆಂದರೆ ನನ್ನ ವರ್ಗದಲ್ಲಿ
ಹಾಜರಿ ಒಣಗುತ್ತದೆ.
ನಲವತ್ತೊಂದು ಹೆಸರು ಕೂಗಿದರೆ
ಹತ್ತೊಂಬತ್ತು ಓಗೊಡುತ್ತವೆ.
ಉಳಿದವರು ಉಮದಿಯ ಆಚೆ, ಶೆಡ್ಡಿನ ಜಾಳಿಗೆಯ ಮೇಲೆ
ದ್ರಾಕ್ಷಿ ಹರವುತ್ತಿರುತ್ತಾರೆ,
ದಿನಕ್ಕೆ ಮುನ್ನೂರು, ಬುತ್ತಿ ಅವರದೇ.

ಪುಸ್ತಕ ಇಂಗ್ಲಿಷು, ಸ್ಟಾಫ್‌ರೂಮು ಮರಾಠಿ,
ಬೆಂಚಿನ ಕೆಳಗೆ ಪಿಸುಗುಡುವುದು ಕನ್ನಡ.
ಇಕ್ವಿಲಿಬ್ರಿಯಮ್ ಎಂದು ಬರೆದು ತಿರುಗಿದರೆ
ಹತ್ತೊಂಬತ್ತು ಮುಖ, ಒರೆಸಿದ ಪಾಟಿ.
ಸಮತೋಲ, ಎನ್ನುತ್ತೇನೆ. ಈ ಒಂದು ಶಬ್ದವನ್ನು
ಎರಡೂ ಮನೆಯವರು ತಮ್ಮದೆನ್ನುತ್ತಾರೆ, ಸದ್ಯ ಜಗಳವಿಲ್ಲ.
ಹೋಗುವವರಷ್ಟೇ ಬರುವವರೂ ಇದ್ದರೆ
ಸಂತೆ ತುಂಬಿದ್ದಂತೆಯೇ ಕಾಣುತ್ತದಲ್ಲ, ಹಾಗೆ.
ಹಿಂದಿನ ಬೆಂಚಿನಿಂದ ಸಿದರಾಯ:
“ಜತ್ತದ ಎಸ್ಟಿ ಹಂಗ ಏನ್ರಿ ಬಾಯಾರ?
ಇಳದಷ್ಟ ಮಂದಿ ಮತ್ತ ಹತ್ತತಾರ.”
ಹೌದಪ್ಪ. ಅದರ ಮೇಲೆ ಐದು ಅಂಕ ಬರುತ್ತದೆ.

ಸಾಂಗಲಿಯಲ್ಲಿ ಕಲಿಯುವಾಗ ನಾನು
ಮೀಠ ಅಂದರೆ ಸಿಹಿ ಎಂದುಕೊಂಡು
ಒಂದಿಡೀ ತಾಸು ತಪ್ಪು ಬರೆದವಳು.
ಉಪ್ಪು ಎಂದು ಯಾರಾದರೂ ಒಮ್ಮೆ ಅಂದಿದ್ದರೆ ಸಾಕಿತ್ತು.

ಇವತ್ತು ಉಪ್ಪಿನ ಪರೀಕ್ಷೆ. ಬಿಳಿ ಪುಡಿ, ನಂಬರು ಏಳು.
ಗ್ಯಾಸು ಮುಗಿದು ಸ್ಪಿರಿಟ್ ದೀಪ;
ನೀಲಿ ಗಾಜು ಒಂದೇ, ಅದೂ ಸೀಳಿದ್ದು, ಕೈಯಿಂದ ಕೈಗೆ.
ಬೌರವ್ವ ಹೊನಮೋರೆ ದೀಪ ಹಚ್ಚಲೇ ಇಲ್ಲ.
ಹನಿ ನೀರಿಗೆ ಚಿಟಿಕೆ ಹಾಕಿ ತಿಕ್ಕಿ ನೋಡಿದಳು:
“ಇದು ನಮ್ಮ ಶೆಡ್ಡಿಂದರಿ. ದ್ರಾಕ್ಷಿ ಅದ್ದೂ ಪುಡಿ.”
ಪೊಟ್ಯಾಶಿಯಂ ಕಾರ್ಬೋನೇಟ್. ಸರಿ. ಪೂರ್ತಿ ಸರಿ.
ಆದರೂ ಬೈದೆ. ಬೆರಳಿನಿಂದ ಕಂಡದ್ದಕ್ಕೆ ಅಂಕವಿಲ್ಲ,
ಮಿರಜಿನಿಂದ ಬರುವ ಪರೀಕ್ಷಕರಿಗೆ ಮೂರು ಕಾಲಮ್ಮು ಬೇಕು:
ಪ್ರಯೋಗ, ನಿರೀಕ್ಷಣೆ, ಅನುಮಾನ.
ಅವಳು ತುದಿಬೆರಳು ತೋರಿಸಿದಳು. ಗೆರೆಗಳೆಲ್ಲ ತೇದು ನುಣುಪು.
ಆಧಾರಿನ ಯಂತ್ರ ಇವಳ ಹೆಬ್ಬೆಟ್ಟನ್ನು
ಮೂರು ಸಲ ಒಲ್ಲೆ ಅಂದದ್ದು ಆಗ ನೆನಪಾಯಿತು.

ಸಂಜೆ ಲ್ಯಾಬಿನ ಪೋರೆ ಮಾಮಾ ಲೆಕ್ಕ ಒಪ್ಪಿಸಿದ:
ಆಮ್ಲದ ಡೈಕ್ರೋಮೇಟಿನಲ್ಲಿ ಅದ್ದಿಟ್ಟ ಕಾಗದದ ಪಟ್ಟಿ
ಹತ್ತಿತ್ತು, ಏಳಿದೆ.

ಸೋಮವಾರ ಬೌರವ್ವನ ಜರ್ನಲ್ಲು ತೆರೆದರೆ
ಸಿಲೆಬಸ್ಸಿನಲ್ಲಿ ಇಲ್ಲದ ಒಂದು ಪುಟ. ಕನ್ನಡದಲ್ಲಿ.

ಪ್ರಯೋಗ: ರಾತ್ರಿ ಒಂಬತ್ತಕ್ಕೆ, ಗಂಧಕ ಹೊತ್ತಿಸಿದ ಮೇಲೆ,
ತಾಡಪತ್ರಿ ಎತ್ತಿ ಕಾಗದ ಹಿಡಿದೆ.
ಎರಡನೆಯದು ಅವ್ವ ಕೂತು ಆರಿಸುವ ಜಾಗದಲ್ಲಿ.
ಮೂರನೆಯದು ನಾವು ಮಲಗುವ ಮೂಲೆಯಲ್ಲಿ.

ನಿರೀಕ್ಷಣೆ: ಏನೂ ಬರೆದಿರಲಿಲ್ಲ.
ಮೂರೂ ಪಟ್ಟಿಯನ್ನು ಅನ್ನದ ಅಗುಳಿನಿಂದ ಅಂಟಿಸಿದ್ದಳು.
ಕಿತ್ತಳೆಯಾಗಿದ್ದ ಮೊದಲನೆಯದು ಹಸಿರು. ಎರಡನೆಯದೂ.
ಮೂರನೆಯದರ ಅಂಚು ಮಾತ್ರ,
ಆಗಷ್ಟೇ ನೆಲ ಒಡೆದ ಕಡಲೆಯಷ್ಟು.

ಅನುಮಾನ:
ಪರೀಕ್ಷಕರ ಮರಾಠಿಯಲ್ಲಿ ಈ ಶಬ್ದಕ್ಕೆ ತೀರ್ಮಾನವೆಂದರ್ಥ,
ನಮ್ಮ ಅಡುಗೆಮನೆಯಲ್ಲಿ ಶಂಕೆ.
ಅವಳು ಬರೆದದ್ದು ಎರಡೂ ಅಲ್ಲ:
“ಕಪ್ಪು ಬೇದಾಣಕ್ಕಿಂತ ಹಳದಿಗೆ ಕಿಲೋಕ್ಕೆ ಎಂಬತ್ತು ರೂಪಾಯಿ ಹೆಚ್ಚು.”

ಗಂಧಕ, ಆಮ್ಲಜನಕ, ನಡುವೆ ಬಾಣ.
ಹದಿಮೂರು ವರ್ಷ ಈ ಸಮೀಕರಣವನ್ನು ಸರಿದೂಗಿಸಿದ್ದೇನೆ,
ಎಡಕ್ಕೆ ಎಷ್ಟೋ ಬಲಕ್ಕೂ ಅಷ್ಟೇ, ಕೈ ತಪ್ಪಿಲ್ಲ.
ದೀಪಾವಳಿಗೆ ಆ ಶೆಡ್ಡಿನ ಧಣಿ ಸ್ಟಾಫ್‌ರೂಮಿಗೆ ಕಳಿಸುವ ಡಬ್ಬಿಯನ್ನು
ನಾನೂ ಬಿಚ್ಚಿದ್ದೇನೆ. ಬಂಗಾರದ ಬಣ್ಣ.
ನುಂಗಿದ ಮೇಲೆ ಗಂಟಲಲ್ಲಿ ಒಂದು ಸಣ್ಣ ಚುಚ್ಚು,
ಹುಳಿ ಇರಬೇಕು ಅಂದುಕೊಂಡಿದ್ದೆ.

ಕೆಂಪು ಪೆನ್ನು ತೆಗೆದೆ.
‘ಪಟ್ಟಿ ಕೇಳಿ ಒಯ್ಯಬೇಕು’ ಎಂದು ಬರೆದೆ. ಹೊಡೆದುಹಾಕಿದೆ.
ಹತ್ತಕ್ಕೆ ಎಷ್ಟು ಎಂಬಲ್ಲಿ ಖಾಲಿ ಬಿಟ್ಟು
ಪೋರೆ ಮಾಮಾನನ್ನು ಕರೆದು ಹೇಳಿದೆ,
ನಾಳೆಗೆ ಇಪ್ಪತ್ತು ಪಟ್ಟಿ ಅದ್ದಿಡು.
ಯಾವ ಪ್ರಯೋಗಕ್ಕೆ, ಮರಾಠಿಯಲ್ಲಿ ಕೇಳಿದ.
ಅವಸರದಲ್ಲಿ ಉತ್ತರ ನನ್ನ ಬಾಯಿಂದ ಕನ್ನಡದಲ್ಲೇ ಬಂತು.
ಅವನು ಮತ್ತೆ ಕೇಳಲಿಲ್ಲ.
ಬಾಟಲಿಯ ಮುಚ್ಚಳ ತಿರುವುತ್ತ ನಿಂತ.
ಅವನ ಸೊಸೆಯೂ ಅಲ್ಲೇ ಆರಿಸುತ್ತಾಳೆ.